ಹಳೇ ಸ್ಪೋರ್ಟ್ಸ್ ಕಾರು: ಕೊಳ್ಳುವುದು ಕಾರನ್ನಲ್ಲ, ಅದರ ಹಿಂದಿನ ದಿನಗಳನ್ನು

ಕೆಲವರು ಒಂದು ಸ್ಪೋರ್ಟ್ಸ್ ಕಾರು ಕೊಂಡರೆ ಅದನ್ನೇ ಇಪ್ಪತ್ತು ವರ್ಷ ಇಟ್ಟುಕೊಳ್ಳುತ್ತಾರೆ. ಇನ್ನು ಕೆಲವರು ಒಂದು ಹಳೇ ಕಾರು ತಂದು, ಒಂದೆರಡು ವರ್ಷ ಆಸೆ ತೀರ ಓಡಿಸಿ, ಸರಿ ಮಾಡಬೇಕಾದ್ದನ್ನು ಸರಿ ಮಾಡಿ ಮಾರುತ್ತಾರೆ. ಬಂದ ಹಣಕ್ಕೆ ಇನ್ನೊಂದು ತರುತ್ತಾರೆ. ನಾನು ಈ ಎರಡನೇ ಗುಂಪಿನವನು.

ಹೊರಗಿನಿಂದ ನೋಡಿದರೆ ಇದು ದುಡ್ಡಿದ್ದವರ ಆಟ ಅನ್ನಿಸಬಹುದು, ಇಲ್ಲವೇ ದಲ್ಲಾಳಿ ಕೆಲಸ ಅನ್ನಿಸಬಹುದು. ಎರಡೂ ಅಲ್ಲ. ಲೆಕ್ಕ ತಿಳಿದು ಮಾಡಿದರೆ, ಒಂದು ಹೊಸ ಕಾರು ಮೊದಲ ಕೆಲವು ವರ್ಷಗಳಲ್ಲಿ ಕಳೆದುಕೊಳ್ಳುವಷ್ಟು ಹಣದಲ್ಲೇ ಮೂರ್ನಾಲ್ಕು ಬೇರೆ ಬೇರೆ ಸ್ಪೋರ್ಟ್ಸ್ ಕಾರುಗಳ ಜೊತೆ ಬದುಕಬಹುದು. ತಪ್ಪಿದರೆ ಮಾತ್ರ ಒಂದೇ ಎಂಜಿನ್ ಎಲ್ಲವನ್ನೂ ನುಂಗಿ ಹಾಕುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಅದೃಷ್ಟದ್ದಲ್ಲ. ಅದು ಬಹುಮಟ್ಟಿಗೆ ಕೊಳ್ಳುವ ದಿನವೇ ತೀರ್ಮಾನವಾಗಿರುತ್ತದೆ. ಹೇಗೆ ಅಂತ ಬಿಡಿಸಿ ಹೇಳುತ್ತೇನೆ.

ಇಳಿಜಾರು ಎಲ್ಲಿ ಮುಗಿಯುತ್ತದೆ?

ಹೊಸ ಕಾರಿನ ಬೆಲೆ ಶೋರೂಮಿನಿಂದ ಹೊರಬಂದ ದಿನದಿಂದಲೇ ಇಳಿಯುತ್ತದೆ. ಮೊದಲ ಮೂರ್ನಾಲ್ಕು ವರ್ಷ ಇಳಿಜಾರು ತುಂಬಾ ಕಡಿದು. ವಾರಂಟಿ ಮುಗಿಯುವಾಗ ಬೆಲೆ ಇನ್ನೊಂದು ಸಲ ಕೆಳಗೆ ಬೀಳುತ್ತದೆ, ಯಾಕೆಂದರೆ ಇನ್ನು ಮುಂದಿನ ರಿಪೇರಿ ಖರ್ಚೆಲ್ಲ ಮಾಲೀಕನ ತಲೆ ಮೇಲೆ. ಆಮೇಲೆ ಇಳಿತ ನಿಧಾನವಾಗುತ್ತದೆ. ಸಾಧಾರಣ ಕಾರು ಅಲ್ಲಿಂದ ಮೆಲ್ಲಗೆ ಗುಜರಿಯ ಕಡೆ ಸಾಗುತ್ತದೆ. ಆದರೆ ಒಳ್ಳೆಯ ಸ್ಪೋರ್ಟ್ಸ್ ಕಾರು ಹಾಗಲ್ಲ. ಅದರ ಬೆಲೆ ಒಂದು ಮಟ್ಟಕ್ಕೆ ಬಂದು ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತದೆ. ಕೆಲವು ಮತ್ತೆ ಮೇಲೇರುತ್ತವೆ.

ನಮ್ಮ ಹವ್ಯಾಸ ಬದುಕಿರುವುದು ಈ ಸಮತಟ್ಟು ಜಾಗದಲ್ಲಿ. ಇಳಿಜಾರಿನ ಪೆಟ್ಟನ್ನು ಮೊದಲ ಇಬ್ಬರು ಮೂವರು ಮಾಲೀಕರು ತಿಂದಾಗಿರುತ್ತದೆ. ನಾವು ಅಲ್ಲಿ ಕೊಂಡು, ಎರಡು ವರ್ಷ ಓಡಿಸಿ, ಹೆಚ್ಚು ಕಡಿಮೆ ಅದೇ ಬೆಲೆಗೆ ಮಾರಬಹುದು.

ಪೋರ್ಷೆ 911 ಇದಕ್ಕೆ ಒಳ್ಳೆಯ ಪಾಠ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿದ ಈ ಕಾರು 1990ರ ದಶಕದ ಕೊನೆಯವರೆಗೂ ಗಾಳಿಯಿಂದ ತಣಿಯುವ ಎಂಜಿನ್ನನ್ನೇ ಇಟ್ಟುಕೊಂಡಿತ್ತು. ಅಂಥ ಎಂಜಿನ್ನಿನ ಕೊನೆಯ ಮಾದರಿಯ ಹೆಸರು 993. ಅದರ ನಂತರ ಬಂದ 996ರಲ್ಲಿ ನೀರಿನಿಂದ ತಣಿಯುವ ಎಂಜಿನ್ ಬಂತು. ಗುಂಡಗಿನ ಹೆಡ್‌ಲೈಟ್ ಹೋಗಿ ಬೇರೆ ಆಕಾರ ಬಂತು. ಅಭಿಮಾನಿಗಳಿಗೆ ಎರಡೂ ಹಿಡಿಸಲಿಲ್ಲ. 993ರ ಬೆಲೆ ಮೇಲೆ ಹೋಯಿತು. 996 ಬಹಳ ವರ್ಷ ಕೈಗೆಟಕುವ 911 ಆಗಿಯೇ ಉಳಿಯಿತು. ಓಡಿಸಿ ನೋಡಿದರೆ 996 ಅದ್ಭುತ ಕಾರು. ಎರಡರ ನಡುವೆ ಬೆಲೆಯಲ್ಲಿ ಇರುವಷ್ಟು ಅಂತರ ಓಡಿಸುವ ಖುಷಿಯಲ್ಲಿ ಇಲ್ಲ. ಜನರ ಅಭಿರುಚಿಯೂ ಬೆಲೆಯನ್ನು ಕೆಳಗಿಳಿಸುತ್ತದೆ. ಓಡಿಸುವ ಆಸೆಗಾಗಿ ಕೊಳ್ಳುವವನಿಗೆ ಅಂಥ ಕಾರು ವರ ಇದ್ದ ಹಾಗೆ.

ಬೆಲೆ ಏಕೆ ಏರುತ್ತದೆ?

ಕಡಿಮೆ ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಬೆಲೆ ಜಾಸ್ತಿ ಅನ್ನುವುದು ಅರ್ಧ ಸತ್ಯ ಅಷ್ಟೇ. ಯಾರಿಗೂ ಬೇಡವಾಗಿ ಕಡಿಮೆ ತಯಾರಾದ ಕಾರುಗಳೂ ಬೇಕಾದಷ್ಟಿವೆ. ಬೆಲೆ ಏರಬೇಕಾದರೆ ಒಂದು ಸಾಲು ಅಲ್ಲಿಗೆ ಮುಗಿದಿರಬೇಕು, ಮತ್ತು ಅಂಥದ್ದು ಇನ್ನು ಬರುವುದಿಲ್ಲ ಅನ್ನುವುದು ಜನರ ಮನಸ್ಸಿಗೆ ನಾಟಬೇಕು. ಹೋಂಡಾ ಎಸ್2000 ನೋಡಿ. 1999ರಿಂದ 2009ರವರೆಗೆ ತಯಾರಾಯಿತು. ಟರ್ಬೋ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ, ಇಲ್ಲದ 2 ಲೀಟರ್ ಎಂಜಿನ್, ನಿಮಿಷಕ್ಕೆ 9,000 ಸುತ್ತಿನವರೆಗೆ ಏರುತ್ತಿತ್ತು. ಆ ಕೂಗು ಒಮ್ಮೆ ಕಿವಿಗೆ ಬಿದ್ದರೆ ಮರೆಯುವುದಿಲ್ಲ. ಹೊಗೆಯ ನಿಯಮ ಬಿಗಿಯಾದ ಮೇಲೆ ಎಲ್ಲ ಕಡೆ ಟರ್ಬೋ ಬಂತು. ಈಗ ಎಸ್2000 ಬೇಕು ಅಂದರೆ ಇರುವುದರಲ್ಲೇ ಹುಡುಕಬೇಕು.

ಗೇರ್‌ಬಾಕ್ಸಿನದ್ದೂ ಇದೇ ಕಥೆ. ಫೆರಾರಿ 360 ಮತ್ತು ಎಫ್430 ಹೊಸದಾಗಿದ್ದಾಗ ಹೆಚ್ಚಿನವರು ಸ್ಟೀರಿಂಗ್ ಹಿಂದೆ ಪ್ಯಾಡಲ್ ಇರುವ ಗೇರ್‌ಬಾಕ್ಸ್ ಕೇಳಿದರು. ಆಗ ಅದೇ ಹೊಸ ತಂತ್ರ. ಕೈಯಲ್ಲಿ ಗೇರ್ ಹಾಕುವ ಮ್ಯಾನ್ಯುಯಲ್ ಕಾರು ಕಡಿಮೆ ತಯಾರಾದವು. ಇಂದು ಎಲ್ಲವೂ ತಿರುಗಿದೆ. ಅದೇ ವರ್ಷದ, ಅದೇ ಬಣ್ಣದ ಎರಡು ಎಫ್430 ಪಕ್ಕಪಕ್ಕ ನಿಂತರೆ ಮ್ಯಾನ್ಯುಯಲ್ ಇರುವುದಕ್ಕೆ ತುಂಬಾ ಜಾಸ್ತಿ ಬೆಲೆ.

ಕೆಲವು ಸಲ ಕಾನೂನೇ ಬೆಲೆಯನ್ನು ಎತ್ತುತ್ತದೆ. ಅಮೆರಿಕದ ಸುರಕ್ಷತಾ ನಿಯಮಕ್ಕೆ ತಕ್ಕಂತೆ ತಯಾರಾಗದ ಕಾರನ್ನು ಆ ದೇಶಕ್ಕೆ ತರಿಸಿಕೊಳ್ಳುವುದು ತುಂಬಾ ಕಷ್ಟ. ಆದರೆ ಕಾರು ತಯಾರಾಗಿ 25 ವರ್ಷ ಆದ ಮೇಲೆ ಆ ಅಡ್ಡಿ ಇಲ್ಲ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್32 ಮಾದರಿ 1989ರಲ್ಲಿ ಬಂದದ್ದು. ಹಾಗಾಗಿ 2014ರಿಂದ ಅಮೆರಿಕದ ಕೊಳ್ಳುವವರೂ ಸಾಲಿನಲ್ಲಿ ನಿಂತರು. ಕಾರುಗಳ ಸಂಖ್ಯೆ ಅಷ್ಟೇ, ಬೇಕು ಅನ್ನುವವರು ಜಾಸ್ತಿ. ಮುಂದೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇದನ್ನೆಲ್ಲ ಓದಿ ಲಾಭದ ಆಸೆ ಹುಟ್ಟಿದರೆ ಒಂದು ಹಳೇ ಕಥೆ ಕೇಳಿ. 1980ರ ದಶಕದ ಕೊನೆಯಲ್ಲಿ ಹಳೇ ಫೆರಾರಿಗಳ ಬೆಲೆ ಹುಚ್ಚುಹಿಡಿದಂತೆ ಏರಿತು. 1988ರ ಆಗಸ್ಟ್‌ನಲ್ಲಿ ಕಂಪನಿ ಕಟ್ಟಿದ ಎಂಜೊ ಫೆರಾರಿ ತೀರಿಕೊಂಡ ಮೇಲೆ ಆ ಓಟ ಇನ್ನೂ ಜೋರಾಯಿತು. ಕಾರಿನಲ್ಲಿ ಒಂದು ದಿನವೂ ಕೂತು ನೋಡದವರು ಸಾಲ ಮಾಡಿ ಕೊಂಡರು. 1990ರ ಸುಮಾರಿಗೆ ಎಲ್ಲ ಕುಸಿಯಿತು. ಆಗ ಕೈ ಸುಟ್ಟುಕೊಂಡವರಲ್ಲಿ ಹೆಚ್ಚಿನವರು ಕಾರು ಇಷ್ಟಪಟ್ಟು ಕೊಂಡವರಲ್ಲ, ನಾಳೆ ಇನ್ನೊಬ್ಬ ಜಾಸ್ತಿ ಕೊಡುತ್ತಾನೆ ಅಂತ ಕೊಂಡವರು. ನನ್ನ ನಿಯಮ ಸರಳ. ಬೆಲೆ ಒಂದು ಪೈಸೆ ಏರದಿದ್ದರೂ ಈ ಕಾರು ನನ್ನ ಬಳಿ ಇರಲಿ ಅನ್ನಿಸಿದರೆ ಮಾತ್ರ ಕೊಳ್ಳುತ್ತೇನೆ.

ಒಂದೊಂದು ಕಾರಿಗೂ ಅದರದೇ ಕಾಯಿಲೆ

ಈಗ ನಿಜವಾದ ಕೆಲಸ. ಯಾವುದೇ ಸ್ಪೋರ್ಟ್ಸ್ ಕಾರಿನ ಹಿಂದೆ ಬೀಳುವ ಮುಂಚೆ ಆ ಮಾದರಿಗೆ ಹುಟ್ಟಿನಿಂದ ಬಂದ ಕಾಯಿಲೆ ಯಾವುದು ಅಂತ ತಿಳಿದುಕೊಳ್ಳಬೇಕು. ಇದು ಗುಟ್ಟೇನಲ್ಲ. ಹತ್ತು ಇಪ್ಪತ್ತು ವರ್ಷ ಓಡಿದ ಮಾದರಿಯ ದೋಷಗಳೆಲ್ಲ ಅಷ್ಟರಲ್ಲಿ ಬಯಲಾಗಿರುತ್ತವೆ. ಹಳೇ ಕಾರು ಕೊಳ್ಳುವುದರ ದೊಡ್ಡ ಅನುಕೂಲವೇ ಅದು.

ಮತ್ತೆ 996ಕ್ಕೆ ಬರೋಣ. ಅದರಲ್ಲೂ ಆ ಕಾಲದ ಪೋರ್ಷೆಯ ಇನ್ನೊಂದು ಕಾರು ಬಾಕ್ಸ್‌ಸ್ಟರ್‌ನಲ್ಲೂ ಇರುವ ಎಂ96 ಎಂಜಿನ್ನಿನೊಳಗೆ ಒಂದು ನಡುವಿನ ಶಾಫ್ಟ್ ಇದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ನ ತಿರುಗುವಿಕೆಯನ್ನು ಕವಾಟಗಳ ಕಡೆಗೆ ದಾಟಿಸುವುದು ಅದರ ಕೆಲಸ. ಆ ಶಾಫ್ಟಿನ ಒಂದು ತುದಿಯನ್ನು ಹಿಡಿದಿರುವ ಬೇರಿಂಗ್ ಕೆಲವು ಕಾರುಗಳಲ್ಲಿ ಸವೆದು ಒಡೆಯುತ್ತದೆ. ಒಡೆದರೆ ಸಮಯದ ಲೆಕ್ಕ ತಪ್ಪಿ ಪಿಸ್ಟನ್ ಮತ್ತು ಕವಾಟ ಒಂದಕ್ಕೊಂದು ಬಡಿಯುತ್ತವೆ. ಎಂಜಿನ್ ಕಥೆ ಅಲ್ಲಿಗೆ ಮುಗಿಯಿತು. ಇದಕ್ಕೆ ಐಎಂಎಸ್ (ಇಂಟರ್‌ಮೀಡಿಯೆಟ್ ಶಾಫ್ಟ್, ಅದೇ ನಡುವಿನ ಶಾಫ್ಟ್) ಬೇರಿಂಗ್ ತೊಂದರೆ ಅಂತಲೇ ಹೆಸರು. ಎಲ್ಲ 996ಗಳಿಗೂ ಆಗುವುದಿಲ್ಲ. ಅದೇ ಕಾಲದ 911 ಟರ್ಬೋ ಮತ್ತು ಜಿಟಿ3ರಲ್ಲಿ ಬೇರೆ ಎಂಜಿನ್ ಇದ್ದುದರಿಂದ ಅವಕ್ಕೆ ಈ ಭಯವೇ ಇಲ್ಲ. ಹಾಗಾಗಿ ಸಾಧಾರಣ 996 ನೋಡಲು ಹೋದವನ ಮೊದಲ ಪ್ರಶ್ನೆ, ಆ ಬೇರಿಂಗ್ ಬದಲಾಯಿಸಿದ ಬಿಲ್ ಇದೆಯಾ ಅಂತ. ಆ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಹಾಕಲೂ ಗೇರ್‌ಬಾಕ್ಸ್ ಇಳಿಸಬೇಕು. ಜಾಣ ಮಾಲೀಕ ಎರಡನ್ನೂ ಒಟ್ಟಿಗೇ ಮಾಡಿಸಿರುತ್ತಾನೆ. ಕ್ಲಚ್ ಹೊಸದಾಗಿದ್ದು ಬೇರಿಂಗ್ ಹಳೆಯದೇ ಇದ್ದರೆ, ಆ ಮನೆಯಲ್ಲಿ ಕಾರಿಗೆ ಎಷ್ಟು ಕಾಳಜಿ ಸಿಕ್ಕಿದೆ ಅನ್ನುವುದೂ ಗೊತ್ತಾಗುತ್ತದೆ.

ಬಿಎಂಡಬ್ಲ್ಯೂ ಇ46 ಎಂ3 ಕಾರಿನಲ್ಲಿ ಎಂಜಿನ್ ಬಿಟ್ಟು ಹಿಂಭಾಗ ನೋಡಬೇಕು. ಹಿಂದಿನ ಸಸ್ಪೆನ್ಷನ್ ಹೊತ್ತ ಚೌಕಟ್ಟು ಕಾರಿನ ತಳಕ್ಕೆ ಸೇರುವ ಕಡೆ ತಗಡು ಬಿರುಕು ಬಿಡುತ್ತದೆ. ಮೇಲಿನಿಂದ ಏನೂ ಕಾಣಿಸುವುದಿಲ್ಲ. ಲಿಫ್ಟಿಗೆ ಏರಿಸಿ ಟಾರ್ಚ್ ಹಿಡಿದೇ ನೋಡಬೇಕು. ಮಾಜ್ದಾ ಆರ್‌ಎಕ್ಸ್-7ರಲ್ಲಿ ಪಿಸ್ಟನ್ನೇ ಇಲ್ಲ. ಮೂರು ಮೂಲೆಯ ರೋಟರ್ ತಿರುಗುತ್ತದೆ, ಆ ಮೂಲೆಗಳ ಸೀಲ್ ಸವೆದರೆ ಎಂಜಿನ್ ಬಿಚ್ಚಿ ಕಟ್ಟಬೇಕು. ಅದರ ಕಂಪ್ರೆಶನ್, ಅಂದರೆ ಎಂಜಿನ್ ಒಳಗಿನ ಒತ್ತಡ, ಅಳೆಯುವುದಕ್ಕೂ ಬೇರೆಯದೇ ಮೀಟರ್ ಬೇಕು, ಮಾಮೂಲಿ ಮೀಟರ್ ಮೂರು ಮುಖಗಳನ್ನು ಬೇರೆಬೇರೆಯಾಗಿ ತೋರಿಸುವುದಿಲ್ಲ. ಲೋಟಸ್ ಎಲೀಸ್ 1996ರಲ್ಲಿ ಬಂದಾಗ ಅದರ ಅಲ್ಯೂಮಿನಿಯಂ ಚಾಸಿಯನ್ನು ಅಂಟಿನಿಂದ ಜೋಡಿಸಿದ್ದರು. ಅದರಿಂದಲೇ ಕಾರು ಅಷ್ಟು ಹಗುರ. ಆದರೆ ಆ ಚಾಸಿಗೆ ಪೆಟ್ಟು ಬಿದ್ದರೆ ಬಡಿದು ನೇರ ಮಾಡುವ ಮಾತೇ ಇಲ್ಲ.

ಫೆರಾರಿ ಎಫ್355 ಬೇರೆ ಥರದ ಪಾಠ. ಅದರದ್ದು ದೋಷವಲ್ಲ, ಸರ್ವೀಸಿನ ರೀತಿ. ಕವಾಟಗಳನ್ನು ಸಮಯಕ್ಕೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟ್ ಬದಲಾಯಿಸಲು ಇಡೀ ಎಂಜಿನ್ ಹೊರಗೆ ಇಳಿಸಬೇಕು. ಮುಂದಿನ ಮಾದರಿ 360ರಲ್ಲಿ ಸೀಟಿನ ಹಿಂದಿನ ಮುಚ್ಚಳ ತೆಗೆದರೆ ಸಾಕು. ಎಫ್430ರಲ್ಲಿ ಬೆಲ್ಟ್ ಬದಲು ಚೈನೇ ಬಂತು. ಮೂರೂ ಒಂದೇ ವಂಶದ ಕಾರುಗಳು, ಆದರೆ ಇಟ್ಟುಕೊಳ್ಳುವ ಖರ್ಚು ಬೇರೆ ಬೇರೆ. ಮಾರುವವನು ಬೆಲ್ಟ್ ಬದಲಾಯಿಸುವ ಸಮಯಕ್ಕೆ ಸರಿಯಾಗಿ ಮಾರಲು ಹೊರಟಿದ್ದರೆ ಕಾರಣ ಊಹಿಸಬಹುದು. ಅದೇನು ಮೋಸವಲ್ಲ. ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಬೇಕು ಅಷ್ಟೇ.

ಕಾರಿನ ಬಾಯಿ ಬಿಡಿಸುವುದು

ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಅನ್ನುತ್ತಾರಲ್ಲ, ಹಳೇ ಕಾರಿನ ಸಂತೆಯಲ್ಲಿ ಈ ಮಾತು ದಿನಾ ನೆನಪಿಗೆ ಬರುತ್ತದೆ. ಪಾಲಿಶ್ ಮಾಡಿಸಲು ಒಂದು ದಿನ ಸಾಕು. ಆದರೆ ಕಾರು ತನ್ನ ಹಿಂದಿನ ದಿನಗಳನ್ನು ಎಲ್ಲೆಲ್ಲೋ ಬರೆದಿಟ್ಟುಕೊಂಡಿರುತ್ತದೆ. ಓದಲು ಕಲಿಯಬೇಕು.

ನಾನು ಒಂದು ಸಲ ಓದಲಿಲ್ಲ. ಎರಡು ಸೀಟಿನ ಕೆಂಪು ಕಾರು. ನಾನು ಹೋಗುವ ಹೊತ್ತಿಗೆ ಮಾರುವವರು ಕಾರು ಹೊರಗೆ ತೆಗೆದು ಎಂಜಿನ್ ಚಾಲೂ ಇಟ್ಟಿದ್ದರು. ಎಷ್ಟು ಒಳ್ಳೆಯವರು, ನನಗಾಗಿ ರೆಡಿ ಮಾಡಿದ್ದಾರೆ ಅಂದುಕೊಂಡೆ. ಓಡಿಸಿದೆ, ಬೆಣ್ಣೆಯ ಹಾಗೆ ಓಡಿತು. ಹಣ ಕೊಟ್ಟು ತಂದೆ. ಮರುದಿನ ಬೆಳಗ್ಗೆ, ರಾತ್ರಿಯೆಲ್ಲ ತಣ್ಣಗಾಗಿದ್ದ ಎಂಜಿನ್ ಚಾಲೂ ಮಾಡಿದರೆ ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಎಂಜಿನ್ನೊಳಗಿನ ಸವೆದ ಚೈನ್ ಬಿಗಿ ಇಲ್ಲದೆ ಬಡಿದುಕೊಳ್ಳುತ್ತಿತ್ತು. ಅರ್ಧ ನಿಮಿಷದಲ್ಲಿ ಆಯಿಲ್ ಏರಿ ಸದ್ದು ನಿಂತಿತು. ಬಿಸಿ ಎಂಜಿನ್ನಿನಲ್ಲಿ ನಾನು ಅದನ್ನು ಯಾವ ಕಾಲಕ್ಕೂ ಕೇಳುತ್ತಿರಲಿಲ್ಲ. ಆ ವರ್ಷ ಕಾರು ಓಡಿಸಿದ್ದಕ್ಕಿಂತ ಗ್ಯಾರೇಜಿನಲ್ಲಿ ನೋಡಿದ್ದೇ ಜಾಸ್ತಿ. ಅಂದಿನಿಂದ ಒಂದು ದಿನ ಮುಂಚೆ ಫೋನ್ ಮಾಡಿ, "ದಯವಿಟ್ಟು ನಾನು ಬರುವವರೆಗೆ ಚಾಲೂ ಮಾಡಬೇಡಿ" ಅಂತ ಕೇಳಿಕೊಳ್ಳುತ್ತೇನೆ. ಹೋದ ಕೂಡಲೇ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತೇನೆ. ಬೆಚ್ಚಗಿದ್ದರೆ ಆ ದಿನ ನೋಡುವುದಿಲ್ಲ, ಇನ್ನೊಂದು ದಿನ ಬರುತ್ತೇನೆ ಅನ್ನುತ್ತೇನೆ.

ಬಣ್ಣದ ದಪ್ಪ ಅಳೆಯುವ ಚಿಕ್ಕ ಮೀಟರ್ ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಆಸುಪಾಸು ಇರುತ್ತದೆ. ಒಂದು ಬಾಗಿಲಿನಲ್ಲಿ 120, ಪಕ್ಕದ ಬಾಗಿಲಿನಲ್ಲಿ 300 ಬಂದರೆ ಆ ಬಾಗಿಲಿಗೆ ಎರಡನೇ ಸಲ ಬಣ್ಣ ಹೊಡೆದಿದ್ದಾರೆ. ಸಾವಿರ ದಾಟಿದರೆ ಒಳಗೆ ಪುಟ್ಟಿ ತುಂಬಿದ್ದಾರೆ. ಬಣ್ಣ ಹೊಡೆದದ್ದೇ ತಪ್ಪಲ್ಲ. ಗೀಚಿದ್ದಕ್ಕೂ ಹೊಡೆಸಿರಬಹುದು. ಆದರೆ ಕೇಳಿದಾಗ ಮಾರುವವರ ಮಾತು ಮತ್ತು ಮೀಟರಿನ ಮಾತು ಒಂದೇ ಆಗಬೇಕು. ಕಬ್ಬಿಣಕ್ಕೆ ಮಾತ್ರ ಕೆಲಸ ಮಾಡುವ ಮೀಟರನ್ನು ಅಲ್ಯೂಮಿನಿಯಂ ಮೈಯ ಹೋಂಡಾ ಎನ್‌ಎಸ್‌ಎಕ್ಸ್ ಮೇಲೆ ಇಟ್ಟರೆ ಏನೂ ತಿಳಿಯುವುದಿಲ್ಲ, ಎರಡಕ್ಕೂ ಆಗುವಂಥದ್ದನ್ನು ಕೊಳ್ಳಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಟೈರು ಒಂದೇ ಕಂಪನಿಯದ್ದಾ, ಒಂದೇ ಕಾಲದ್ದಾ ನೋಡಿ. ಇಷ್ಟು ಶಕ್ತಿಯ ಕಾರಿಗೆ ಮುಂದೆ ಒಂದು, ಹಿಂದೆ ಇನ್ನೊಂದು ಅಗ್ಗದ ಟೈರು ಹಾಕಿದ ಮಾಲೀಕ, ಕಣ್ಣಿಗೆ ಕಾಣದ ಆಯಿಲ್ ವಿಷಯದಲ್ಲಿ ಉದಾರವಾಗಿ ಇದ್ದಿರುತ್ತಾನೆ ಅಂತ ನನಗೆ ನಂಬಿಕೆ ಇಲ್ಲ.

ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸಿದಾಗ ದೋಷದ ಸಂಖ್ಯೆ ಒಂದೂ ಬರಲಿಲ್ಲ ಅಂತ ಖುಷಿಪಡಬೇಡಿ. ಅದರ ಪಕ್ಕದಲ್ಲೇ ಇನ್ನೊಂದು ಪಟ್ಟಿ ಇರುತ್ತದೆ. ಕಾರು ತನ್ನ ಭಾಗಗಳನ್ನು ತಾನೇ ಪರೀಕ್ಷೆ ಮಾಡಿ ಮುಗಿಸಿದೆಯಾ ಇಲ್ಲವಾ ಅಂತ ಅದು ಹೇಳುತ್ತದೆ. ಹಲವು ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ಬಂದರೆ, ಯಾರೋ ಇತ್ತೀಚೆಗೆ ನೆನಪನ್ನು ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ ಅಂತ ಅರ್ಥ.

ನನಗೆ ಅತ್ಯಂತ ಇಷ್ಟದ ಸಾಕ್ಷಿ ಪೋರ್ಷೆಯದ್ದು. 996ರಿಂದ ಈಚೆಗಿನ ಕಾರುಗಳ ಎಂಜಿನ್ ಕಂಪ್ಯೂಟರ್, ಎಂಜಿನ್ ಮಿತಿ ಮೀರಿ ತಿರುಗಿದ ಪ್ರತಿ ಸಲವನ್ನೂ ಬರೆದಿಡುತ್ತದೆ. 996ರ ನಂತರದ 911, ಅಂದರೆ 997ರಲ್ಲಿ ಇದಕ್ಕೆ ಆರು ಹಂತಗಳಿವೆ. ಕೆಳಗಿನ ಹಂತಗಳಲ್ಲಿ ಸಂಖ್ಯೆ ಇದ್ದರೆ ಹೆದರಬೇಕಾಗಿಲ್ಲ, ಜೋರಾಗಿ ಓಡಿಸಿದ ಕಾರು ಅಷ್ಟೇ. ಮೇಲಿನ ಹಂತಗಳನ್ನು ಆಕ್ಸಿಲರೇಟರ್ ತುಳಿದು ಮುಟ್ಟಲು ಆಗುವುದಿಲ್ಲ, ಯಾಕೆಂದರೆ ಕಂಪ್ಯೂಟರೇ ತಡೆಯುತ್ತದೆ. ನಾಲ್ಕನೇ ಗೇರಿನಿಂದ ಐದಕ್ಕೆ ಹೋಗಬೇಕಾದವನು ತಪ್ಪಿ ಮೂರಕ್ಕೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ಬಲವಂತವಾಗಿ ತಿರುಗಿಸುತ್ತವೆ. ಆಗ ಮಾತ್ರ ಆ ಹಂತ ಮುಟ್ಟುತ್ತದೆ. ಎಂಜಿನ್ ಎಷ್ಟನೇ ಗಂಟೆಯಲ್ಲಿದ್ದಾಗ ಕೊನೆಯ ಸಲ ಹಾಗಾಯಿತು ಅನ್ನುವುದೂ ಅಲ್ಲಿರುತ್ತದೆ. ಆ ತಪ್ಪಾದ ಮೇಲೆ ಎಂಜಿನ್ ನೂರಾರು ಗಂಟೆ ಸುಖವಾಗಿ ಓಡಿದ್ದರೆ ಭಯ ಕಡಿಮೆ. ಮೊನ್ನೆ ಮೊನ್ನೆ ಆಗಿದ್ದರೆ ದೂರ ಇರಿ.

ಅದೇ ಗಂಟೆಗಳ ಲೆಕ್ಕದಿಂದ ಇನ್ನೊಂದು ಉಪಯೋಗವಿದೆ. ಓಡೋಮೀಟರ್ 40,000 ಕಿಲೋಮೀಟರ್ ತೋರಿಸುತ್ತಿದೆ, ಎಂಜಿನ್ 2,000 ಗಂಟೆ ಓಡಿದೆ ಅಂದುಕೊಳ್ಳಿ. ಭಾಗಿಸಿದರೆ ಗಂಟೆಗೆ 20 ಕಿಲೋಮೀಟರ್. ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡ ಕಾರಾದರೆ ಸರಿ. ಆದರೆ ಮಾರುವವರು "ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಮಾತ್ರ ಓಡಿಸಿದ್ದು" ಅಂತ ಹೇಳುತ್ತಿದ್ದರೆ, ಮೀಟರ್ ಸುಳ್ಳು ಹೇಳುತ್ತಿದೆ ಅಥವಾ ಅವರು.

ಇಷ್ಟಾದ ಮೇಲೂ ಆ ಮಾದರಿಯನ್ನು ಚೆನ್ನಾಗಿ ಬಲ್ಲ ಮೆಕ್ಯಾನಿಕ್ ಒಬ್ಬರಿಗೆ ಹಣ ಕೊಟ್ಟು ಪರೀಕ್ಷೆ ಮಾಡಿಸಿ. ಮಾರುವವರಿಗೆ ಪರಿಚಯದವರು ಬೇಡ. ಅವರು ಕಂಪ್ರೆಶನ್ ನೋಡುತ್ತಾರೆ, ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತಲೂ ನೋಡುತ್ತಾರೆ. ಎಲ್ಲ ಸಿಲಿಂಡರ್‌ಗಳೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಕೊಡಬೇಕು. ಒಂದು ಮಾತ್ರ ಬೇರೆ ಬಂದರೆ ಆ ಒಂದೇ ಸಾಕು ವಾಪಸ್ ಬರಲು. ಮಾರುವವರು ಪರೀಕ್ಷೆಗೆ ಒಪ್ಪದಿದ್ದರೆ ಕಾರು ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟುಬಿಡಿ.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. 1981ರಿಂದ ಈಚೆಗೆ ಚಾಸಿ ಸಂಖ್ಯೆ ಸಾಮಾನ್ಯವಾಗಿ 17 ಅಕ್ಷರ ಮತ್ತು ಅಂಕಿಗಳದ್ದು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇರುವುದಿಲ್ಲ, ಒಂದು ಮತ್ತು ಸೊನ್ನೆ ಅಂತ ಗೊಂದಲ ಆಗಬಾರದು ಅಂತ. ಕಾರಿನ ಮೈಮೇಲೆ ಎರಡು ಮೂರು ಕಡೆ ಇರುವ ಸಂಖ್ಯೆ, ದಾಖಲೆಯ ಸಂಖ್ಯೆ ಎಲ್ಲ ಒಂದೇ ಇರಬೇಕು. ಕಾರಿನ ಮೇಲೆ ಸಾಲ ಬಾಕಿ ಇದೆಯಾ ಅಂತ ಕೂಡ ನೋಡಿಕೊಳ್ಳಿ.

ನಿಜವಾದ ಲೆಕ್ಕ

ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲಿದೆ. ಕಾರಿನ ಬೆಲೆ ಐದನೇ ಒಂದು ಭಾಗಕ್ಕೆ ಇಳಿದಿರಬಹುದು. ಅದರ ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ಬ್ರೇಕ್ ಡಿಸ್ಕ್, ಕ್ಲಚ್, ಹೆಡ್‌ಲೈಟ್ ಎಲ್ಲ ಇನ್ನೂ ಆ ಹೊಸ ದುಬಾರಿ ಕಾರಿನ ಮಟ್ಟದಲ್ಲೇ ಇರುತ್ತವೆ. ಎಷ್ಟೋ ಸಲ ಹಳೆಯದಾದಷ್ಟೂ ಏರಿರುತ್ತವೆ. ಹಾಗಾಗಿ ಇರುವ ಹಣವನ್ನೆಲ್ಲ ಕಾರಿಗೇ ಸುರಿಯಬಾರದು. ನನ್ನ ಬಳಿ ನೂರು ಇದ್ದರೆ ಎಂಬತ್ತರ ಕಾರು ಹುಡುಕುತ್ತೇನೆ. ಉಳಿದ ಇಪ್ಪತ್ತು ಮೊದಲ ವರ್ಷದ ರಿಪೇರಿಗೆ. ಒಂದೇ ಮಾದರಿಯ ಎರಡು ಕಾರಿದ್ದು, ಒಂದು ತುಂಬಾ ಅಗ್ಗ, ಇನ್ನೊಂದು ದುಬಾರಿಯಾದರೂ ಬಿಲ್ಲುಗಳ ದಪ್ಪ ಕಡತ ಇರುವುದು ಅಂತಾದರೆ, ಕಣ್ಣುಮುಚ್ಚಿ ಎರಡನೆಯದರ ಕಡೆ ಹೋಗುತ್ತೇನೆ. ಅಗ್ಗದ್ದರಲ್ಲಿ ಬಾಕಿ ಇರುವ ಕೆಲಸವೆಲ್ಲ ದುಬಾರಿಯದ್ದರಲ್ಲಿ ಬೇರೆಯವರ ಹಣದಲ್ಲಿ ಮುಗಿದಿರುತ್ತದೆ.

ಕೊಂಡ ಬೆಲೆಗೇ ಮಾರಿದೆ, ನಷ್ಟ ಇಲ್ಲ ಅಂತ ಹೇಳಿಕೊಳ್ಳುವುದೂ ಸರಿಯಲ್ಲ. ಹೆಸರು ಬದಲಾವಣೆ, ತೆರಿಗೆ, ವಿಮೆ, ನಿಲ್ಲಿಸುವ ಜಾಗ, ಟೈರು, ಆಯಿಲ್ ಎಲ್ಲ ಸೇರಿಸಿ ಒಂದು ಪುಸ್ತಕದಲ್ಲಿ ಬರೆಯಿರಿ. ಹೆಚ್ಚಿನ ಸಲ ಮೊತ್ತ ಸೊನ್ನೆಗಿಂತ ಕೆಳಗೇ ಇರುತ್ತದೆ. ಅದನ್ನು ನಾನು ನಷ್ಟ ಅನ್ನುವುದಿಲ್ಲ. ಎರಡು ವರ್ಷ ಆ ಕಾರು ಓಡಿಸಿದ ಬಾಡಿಗೆ ಅನ್ನುತ್ತೇನೆ. ಬಾಡಿಗೆ ಕಡಿಮೆ ಇರುವ ಹಾಗೆ ನೋಡಿಕೊಳ್ಳುವುದೇ ಈ ಹವ್ಯಾಸದ ಜಾಣತನ.

ಮೊದಲ ಕಾರು ಯಾವುದಿರಲಿ ಅಂತ ಬಹಳ ಜನ ಕೇಳುತ್ತಾರೆ. ನಾನು ಯಾವಾಗಲೂ ಮಾಜ್ದಾ ಎಂಎಕ್ಸ್-5 ಅನ್ನುತ್ತೇನೆ. 1989ರಿಂದ ಬರುತ್ತಿದೆ, ತಯಾರಾದ ಕಾರುಗಳ ಸಂಖ್ಯೆ 2016ರಲ್ಲೇ ಹತ್ತು ಲಕ್ಷ ಮುಟ್ಟಿತು. ಅಷ್ಟು ಕಾರುಗಳಿರುವಾಗ ಬಿಡಿಭಾಗ ಸಿಗುತ್ತದೆ, ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾರೆ, ಮಾರುವಾಗ ಕೊಳ್ಳುವವರೂ ಸಿಗುತ್ತಾರೆ. ಬಾಗಿಲ ಕೆಳಗಿನ ಅಂಚಿಗೆ ತುಕ್ಕು ಹಿಡಿದಿದೆಯಾ ಅಂತ ಚೆನ್ನಾಗಿ ನೋಡಿ. ಶಕ್ತಿ ಕಡಿಮೆ ಅಂತ ಮೂಗು ಮುರಿಯುವವರಿದ್ದಾರೆ. ತಿರುವಿನಲ್ಲಿ ಕಾರು ಹೇಗೆ ಮಾತಾಡುತ್ತದೆ ಅಂತ ಇದು ಕಲಿಸುವಷ್ಟು ಚೆನ್ನಾಗಿ ಎರಡರಷ್ಟು ಶಕ್ತಿಯ ಕಾರು ಕಲಿಸುವುದಿಲ್ಲ.

ನಿಲ್ಲಿಸಿಟ್ಟರೆ ಹಾಳು

ಕಡಿಮೆ ಓಡಿದ ಕಾರು ಒಳ್ಳೆಯದು ಅನ್ನುವ ನಂಬಿಕೆ ಬಲವಾಗಿದೆ. ಆದರೆ ವರ್ಷಗಟ್ಟಲೆ ಸುಮ್ನೆ ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಪೆಟ್ರೋಲ್ ಕೆಡುತ್ತದೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಬ್ರೇಕ್ ದ್ರವ ಗಾಳಿಯ ತೇವ ಹೀರಿಕೊಂಡು ಒಳಗೇ ತುಕ್ಕು ಹಿಡಿಸುತ್ತದೆ. ಅದನ್ನು ಎರಡು ವರ್ಷಕ್ಕೊಮ್ಮೆ, ಓಡಿಸಲಿ ಬಿಡಲಿ, ಬದಲಾಯಿಸಬೇಕು. ಹದಿನೈದು ವರ್ಷದಲ್ಲಿ ಬರೀ 9,000 ಕಿಲೋಮೀಟರ್ ಓಡಿದ ಕಾರಿಗಿಂತ, ವರ್ಷಕ್ಕೆ ಐದಾರು ಸಾವಿರ ಓಡುತ್ತಾ ಪ್ರತಿ ವರ್ಷ ಆಯಿಲ್ ಬದಲಾಯಿಸಿಕೊಂಡ ಕಾರು ನನಗೆ ಇಷ್ಟ. ನಿಮ್ಮ ಬಳಿ ಇರುವಾಗಲೂ ಅಷ್ಟೇ. ಓಡಿಸಿ. ಆದರೆ ಎಂಜಿನ್ ಮಾತ್ರವಲ್ಲ, ಆಯಿಲ್ ಕೂಡ ಬಿಸಿಯಾಗುವವರೆಗೆ ಮೆಲ್ಲಗೆ ಓಡಿಸಿ. ನೀರು ಬೇಗ ಬಿಸಿಯಾಗುತ್ತದೆ, ಆಯಿಲ್ ನಿಧಾನ.

ಹೊಸ ಸೈಲೆನ್ಸರ್, ಹೊಸ ಚಕ್ರ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಕಿಕೊಳ್ಳಿ, ತೆಗೆದ ಅಸಲು ಭಾಗಗಳನ್ನು ಮಾತ್ರ ಬಟ್ಟೆ ಸುತ್ತಿ ಇಡಿ. ಮುಂದೆ ಕೊಳ್ಳುವವರು ಕೇಳುವುದು ಅದನ್ನೇ.

ಮಾರುವ ದಿನ

ಬೆಲೆ ಹೇಳುವ ಮುಂಚೆ, ಜನ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಹರಾಜಿನ ಫಲಿತಾಂಶಗಳು ಇದಕ್ಕೆ ಒಳ್ಳೆಯ ಆಧಾರ, ಯಾಕೆಂದರೆ ಅಲ್ಲಿ ಯಾರೋ ನಿಜವಾಗಿ ಅಷ್ಟು ಕೊಡಲು ಮುಂದೆ ಬಂದಿರುತ್ತಾರೆ. ಮೇಲ್ಛಾವಣಿ ತೆರೆಯುವ ಕಾರನ್ನು ಹವೆ ಚೆನ್ನಾಗಿರುವ ಕಾಲ ಶುರುವಾಗುವಾಗ ಮಾರಿ.

ನಾನು ಮಾರುವಾಗ ಮೊದಲು ಫೋಟೋ ತೆಗೆಯುವುದು ಗೀರುಗಳದ್ದು, ಸವೆದ ಸೀಟಿನ ಅಂಚಿನದ್ದು, ಕಲ್ಲು ಬಡಿದ ಮೂತಿಯದ್ದು. ಗೊತ್ತಿರುವ ದೋಷವನ್ನೆಲ್ಲ ಬರೆದು ಕೊಡುತ್ತೇನೆ. ಹಾಗೆ ಮಾಡಿದರೆ ಬೆಲೆ ಬೀಳುತ್ತದೆ ಅಂತ ಹೆದರುವವರಿದ್ದಾರೆ. ನನ್ನ ಅನುಭವ ಬೇರೆ. ಎಲ್ಲ ಮೊದಲೇ ಗೊತ್ತಿದ್ದು ಬಂದವರು ಚೌಕಾಸಿಗೆ ಇಳಿಯುವುದು ಕಡಿಮೆ. ಬಂದು ನೋಡಿ ಬೇಸರಪಟ್ಟು ಹೋಗುವವರೂ ಕಡಿಮೆ. ಓಡಿಸಿ ನೋಡಲು ಕೊಡುವ ಮುಂಚೆ ಅವರ ಲೈಸೆನ್ಸ್ ನೋಡಿ, ವಿಮೆ ಅವರಿಗೂ ಅನ್ವಯಿಸುತ್ತದಾ ಕೇಳಿಕೊಳ್ಳಿ. ಹಣ ನಿಮ್ಮ ಖಾತೆಗೆ ಬಂದದ್ದನ್ನು ಬ್ಯಾಂಕೇ ಖಚಿತ ಮಾಡುವವರೆಗೆ ಕೀಲಿ ಕೊಡಬೇಡಿ. ಇನ್ನೊಂದು ವಿಷಯ: ವರ್ಷಕ್ಕೆ ಇಷ್ಟಕ್ಕಿಂತ ಜಾಸ್ತಿ ಕಾರು ಮಾರಿದರೆ ಹವ್ಯಾಸ ಅಲ್ಲ, ವ್ಯಾಪಾರ ಅಂತ ಬಹಳ ಕಡೆ ಕಾನೂನಿದೆ. ಪರವಾನಗಿ ಬೇಕಾಗುತ್ತದೆ, ತೆರಿಗೆಯ ನಿಯಮವೂ ಬದಲಾಗುತ್ತದೆ. ಎರಡನೇ ಕಾರು ಕೊಳ್ಳುವ ಮುಂಚೆಯೇ ನಿಮ್ಮಲ್ಲಿನ ಮಿತಿ ಎಷ್ಟು ಅಂತ ತಿಳಿದುಕೊಳ್ಳಿ.

ಕಾರಿನ ಜೊತೆ ಏನೇನು ಕೊಡಬೇಕು ಅನ್ನುವ ಪಟ್ಟಿ ನಾನು ಕೊಂಡ ದಿನವೇ ಶುರು ಮಾಡುತ್ತೇನೆ. ಎರಡೂ ಕೀಲಿ, ಸ್ಟೀರಿಯೋದ ಕೋಡ್, ತೆಗೆದಿಟ್ಟ ಅಸಲು ಭಾಗಗಳು. ಚಕ್ರ ಕಳ್ಳತನ ಆಗದಿರಲಿ ಅಂತ ಹಾಕುವ ವಿಶೇಷ ನಟ್ಟಿನ ಚಿಕ್ಕ ಕೀಲಿಯನ್ನು ಎಲ್ಲರೂ ಮರೆಯುತ್ತಾರೆ. ಅದಿಲ್ಲದೆ ಪಂಚರ್ ಆದ ದಿನ ಚಕ್ರ ಬಿಚ್ಚಲು ಬರುವುದಿಲ್ಲ. ಕೊನೆಗೆ ಕಡತ. ನನಗೆ ಬಂದಾಗ ಇದ್ದ ಬಿಲ್ಲುಗಳು, ಅದರ ಮೇಲೆ ನಾನು ಸೇರಿಸಿದ್ದು, ಪ್ರತಿಯೊಂದರಲ್ಲೂ ದಿನಾಂಕ ಮತ್ತು ಆಗಿನ ಕಿಲೋಮೀಟರ್.

ಎರಡು ವರ್ಷದ ಹಿಂದೆ ಮಾರಿದ ಒಂದು ಕಾರಿನ ಈಗಿನ ಮಾಲೀಕರು ಕಳೆದ ತಿಂಗಳು ಫೋನ್ ಮಾಡಿದ್ದರು. ನೀವು ಅದಕ್ಕೆ ಯಾವ ಗೇರ್ ಆಯಿಲ್ ಹಾಕಿಸುತ್ತಿದ್ದಿರಿ, ಚಳಿಗೆ ಎರಡನೇ ಗೇರ್ ಸ್ವಲ್ಪ ಬಿಗಿ ಬರುತ್ತಿದೆ ಅಂದರು. ಹಸಿರು ಕಡತ ತೆಗೆಯಿರಿ, ಮೂರನೇ ಹಾಳೆ ಅಂದೆ. ಹಾಳೆ ತಿರುವುವ ಸದ್ದು ಕೇಳಿಸಿತು. "ಹಾಂ, ಇಲ್ಲಿದೆ" ಅಂದರು. ಆಮೇಲೆ ಅರ್ಧ ಗಂಟೆ ಬರೀ ಆ ಕಾರಿನ ಮಾತೇ.